ನಮ್ಮ ನೋವನ್ನೂ ಕಾರ್ಡಿನಲ್ಲಿ ಬರೆಯಿರಿ

ಕೇರಳ ಸರಕಾರದ ಆರೋಗ್ಯ ಸಚಿವರಿಗೆ ಮತ್ತು ಕಾಸರಗೋಡು ಜಿಲ್ಲೆಯ ಆರೋಗ್ಯ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನನಗೆ ಎಚ್‌ಐವಿ ಇದೆ. ಜಿಲ್ಲೆಯ ಉತ್ತರ ಭಾಗದ ಒಂದು ಪಂಚಾಯತಿನಲ್ಲಿ ನನ್ನ ಮನೆ. ಮನೆಯಲ್ಲಿ ಮಾತಾಡುವುದು ತುಳು, ಕಲಿತದ್ದು ಕನ್ನಡ ಶಾಲೆಯಲ್ಲಿ. ಹೆಸರು, ಊರು ಬರೆಯುವುದಿಲ್ಲ. ಮಗಳನ್ನು ಕೊಟ್ಟ ಮನೆಯವರಿಗೆ ವಿಷಯ ಗೊತ್ತಿಲ್ಲ. ನನ್ನ ಕಾರಣದಿಂದ ಅವಳ ಬದುಕಿಗೆ ತೊಂದರೆ ಆಗಬಾರದು. ನನ್ನ ಕಾಯಿಲೆಯ ಗುಟ್ಟು ಕಾಪಾಡುವ ಹಕ್ಕನ್ನು 2017ರ ಎಚ್‌ಐವಿ ಕಾಯ್ದೆ ನನಗೆ ಕೊಟ್ಟಿದೆ. ಹಾಗಾಗಿ ಹೆಸರಿಲ್ಲದ ಪತ್ರ ಅಂತ ಇದನ್ನು ಪಕ್ಕಕ್ಕೆ ಇಡಬೇಡಿ.

ಹೇಳಬೇಕಾದದ್ದು ಒಂದೇ ವಿಷಯ. ನಮ್ಮ ಮೈಯ ನೋವನ್ನು, ಮನಸ್ಸಿನ ಸಂಕಟವನ್ನು ಚಿಕಿತ್ಸಾ ಕೇಂದ್ರದಲ್ಲಿ ಯಾರೂ ಕೇಳುವುದಿಲ್ಲ. ಕೇಳದ್ದರಿಂದ ಎಲ್ಲೂ ಬರೆಯುವುದಿಲ್ಲ. ಬರೆಯದ್ದರಿಂದ ಅದು ನಿಮ್ಮ ಕಣ್ಣಿಗೂ ಬೀಳುವುದಿಲ್ಲ.

ಆದ ಒಳ್ಳೆಯದನ್ನು ಮೊದಲು ಹೇಳುತ್ತೇನೆ. 2004ರ ಏಪ್ರಿಲ್ 1ಕ್ಕೆ ದೇಶದಲ್ಲಿ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮದ್ದನ್ನು ಪುಕ್ಕಟೆ ಕೊಡಲು ಶುರುಮಾಡಿದರು. ಆ ಮದ್ದು ಇಲ್ಲದಿದ್ದರೆ ನಾನು ಇವತ್ತು ಇರುತ್ತಿರಲಿಲ್ಲ. ಮೊದಲು ದಿನಕ್ಕೆ ಎರಡು ಹೊತ್ತು ನುಂಗುತ್ತಿದ್ದೆವು. ಈಗ ಟೆನೊಫೊವಿರ್, ಲಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಮಾತ್ರೆ, ದಿನಕ್ಕೆ ಒಂದು ಸಲ. ಅದನ್ನು ತಪ್ಪದೆ ತಗೊಂಡರೆ ರಕ್ತದಲ್ಲಿ ವೈರಸ್ ಪರೀಕ್ಷೆಗೂ ಸಿಗದಷ್ಟು ಕಡಿಮೆ ಆಗುತ್ತದೆ. ಆ ಸ್ಥಿತಿಯಲ್ಲಿ ಉಳಿದರೆ ದೈಹಿಕ ಸಂಬಂಧದಿಂದ ಇನ್ನೊಬ್ಬರಿಗೆ ಹರಡುವುದೂ ಇಲ್ಲ. ಕೇಂದ್ರದಲ್ಲಿ ಮದ್ದು ಕೊಡುವವರು, ರಕ್ತ ತೆಗೆಯುವವರು, ಬಾರದವರಿಗೆ ಫೋನ್ ಮಾಡಿ ಕರೆಯುವವರು ನಮ್ಮನ್ನು ಬದುಕಿಸಿದ್ದಾರೆ. ಅವರ ಮೇಲೆ ನನ್ನ ದೂರಿಲ್ಲ. ನಮ್ಮ ಚಿಕಿತ್ಸೆಯ ವಿವರ ಬರೆಯಲಿಕ್ಕೆ ಅವರ ಕೈಗೆ ಕೊಟ್ಟಿರುವ ಕಾರ್ಡಿನಲ್ಲಿ ಏನು ಕೇಳಬೇಕು ಅಂತ ತೀರ್ಮಾನ ಮಾಡುವವರ ಹತ್ತಿರ ನನ್ನ ಮಾತು.

ನಾವು ಮದ್ದಿಗೆ ಹೋದ ದಿನ ಏನಾಗುತ್ತದೆ ನೋಡಿ. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡುತ್ತೇವೆ. ಪರಿಚಯದವರು ಸಿಕ್ಕಿದರೆ ಹೇಳಲಿಕ್ಕೆ ಒಂದು ಕಾರಣ ಹುಡುಕಿಕೊಂಡೇ ಬಸ್ಸು ಹತ್ತುತ್ತೇವೆ. ಅಲ್ಲಿ ತೂಕ ನೋಡುತ್ತಾರೆ. ಡಬ್ಬಿಯಲ್ಲಿ ಉಳಿದ ಮಾತ್ರೆ ಎಣಿಸುತ್ತಾರೆ. ಕೆಮ್ಮು ಇದೆಯಾ, ಜ್ವರ ಇದೆಯಾ, ರಾತ್ರಿ ಬೆವರುತ್ತದೆಯಾ, ತೂಕ ಇಳಿದಿದೆಯಾ ಅಂತ ಕೇಳುತ್ತಾರೆ. ಇದು ಟಿಬಿಗೆ. ಈ ನಾಲ್ಕು ಪ್ರಶ್ನೆ ಕೇಳುವುದನ್ನು ಯಾರೂ ಮರೆಯುವುದಿಲ್ಲ, ಯಾಕೆಂದರೆ ಕಾರ್ಡಿನಲ್ಲಿ ಅದಕ್ಕೆ ಜಾಗ ಇದೆ. ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ಸಿನ ಲೆಕ್ಕ, ಚೆನ್ನಾಗಿದೆ ಅನ್ನುತ್ತಾರೆ. ಕೊನೆಗೆ ಮದ್ದಿನ ಡಬ್ಬಿ ಕೈಗೆ ಬರುತ್ತದೆ. ಹೊರಗೆ ಬಂದು ಡಬ್ಬಿಯೊಳಗೆ ಸ್ವಲ್ಪ ಹತ್ತಿ ತುರುಕುತ್ತೇನೆ. ಇಲ್ಲದಿದ್ದರೆ ಬಸ್ಸಿನಲ್ಲಿ ಮಾತ್ರೆಗಳು ಗಲಗಲ ಅನ್ನುತ್ತವೆ. ಆಮೇಲೆ ಪೇಪರಿನಲ್ಲಿ ಸುತ್ತಿ, ತೊಟ್ಟೆಗೆ ಹಾಕಿ, ಮೇಲೆ ತರಕಾರಿ ಇಟ್ಟುಕೊಂಡು ಮನೆಗೆ ಬರುತ್ತೇನೆ. ನನಗೆ ಗೊತ್ತಿರುವ ಹೆಂಗಸರು ಹೆಚ್ಚುಕಡಿಮೆ ಎಲ್ಲರೂ ಹೀಗೇ ಮಾಡುತ್ತಾರೆ.

ಇಷ್ಟರಲ್ಲಿ ಎಲ್ಲಿಯೂ "ನಿಮಗೆ ಎಲ್ಲಿ ನೋವು?" ಅಂತ ಒಂದು ಮಾತು ಬರುವುದಿಲ್ಲ. "ನಿದ್ದೆ ಬರುತ್ತದಾ?" ಅಂತಲೂ ಇಲ್ಲ. ನಾವಾಗಿ ಹೇಳಿದರೆ ಬಿ ಕಾಂಪ್ಲೆಕ್ಸ್ ಮಾತ್ರೆ ಕೊಡುತ್ತಾರೆ. ಒಮ್ಮೆ ನಾನು ಸ್ವಲ್ಪ ಜಾಸ್ತಿಯೇ ಹೇಳಿದೆ. "ವೈರಲ್ ಲೋಡ್ ಇಷ್ಟು ಒಳ್ಳೆಯದಿದೆ, ಇನ್ನೇನು ಬೇಕು ನಿಮಗೆ?" ಅಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನನ್ನ ಹಿಂದೆ ದೊಡ್ಡ ಸಾಲು ಇತ್ತು. ಆದರೆ ಅವತ್ತಿನಿಂದ ನಾನು ಹೇಳುವುದನ್ನು ಬಿಟ್ಟೆ.

ಇಲ್ಲಿ ಹೇಳುತ್ತೇನೆ. ನನ್ನ ಎರಡೂ ಅಂಗಾಲು ಉರಿಯುತ್ತವೆ. ಹಗಲು ಕೆಲಸದಲ್ಲಿ ಅಷ್ಟು ಗೊತ್ತಾಗುವುದಿಲ್ಲ. ರಾತ್ರಿ ಮಲಗಿದ ಮೇಲೆ ಶುರುವಾಗುತ್ತದೆ. ಹೊದಿಕೆಯ ಅಂಚು ಬೆರಳಿಗೆ ತಾಗಿದರೂ ತಡೆಯಲಿಕ್ಕೆ ಆಗುವುದಿಲ್ಲ. ಎದ್ದು ಹೋಗಿ ಬಚ್ಚಲುಮನೆಯ ತಣ್ಣನೆ ನೆಲದ ಮೇಲೆ ಕಾಲಿಟ್ಟು ನಿಲ್ಲುತ್ತೇನೆ. ಉರಿ ಇಷ್ಟಿದ್ದರೂ ಮುಟ್ಟಿದ್ದು ಸರಿಯಾಗಿ ಗೊತ್ತಾಗುವುದಿಲ್ಲ. ಚಪ್ಪಲಿ ಕಾಲಿನಿಂದ ಕಳಚಿದ್ದು ನಾಲ್ಕು ಹೆಜ್ಜೆ ಹೋದ ಮೇಲೆ ತಿಳಿಯುತ್ತದೆ. ಅಡಿಕೆ ತೋಟದಲ್ಲಿ ಮುಳ್ಳು ಹೊಕ್ಕದ್ದು ಸಂಜೆ ಕಾಲು ತೊಳೆಯುವಾಗ ನೀರು ಕೆಂಪಾದದ್ದು ನೋಡಿ ಗೊತ್ತಾಯಿತು. ಆ ಗಾಯ ಒಣಗಲಿಕ್ಕೆ ಒಂದು ಮಳೆಗಾಲ ಹಿಡಿಯಿತು.

ಇದು ಯಾಕೆ ಅಂತ ನನಗೆ ಯಾರೂ ವಿವರಿಸಿ ಹೇಳಿರಲಿಲ್ಲ. ನನ್ನ ಅಕ್ಕನ ಮಗಳು ನರ್ಸಿಂಗ್ ಕಲಿತವಳು. ನನ್ನ ವಿಷಯ ಗೊತ್ತಿರುವ ಕೆಲವೇ ಜನರಲ್ಲಿ ಅವಳೂ ಒಬ್ಬಳು. ನನ್ನ ಹಳೆಯ ಚಿಕಿತ್ಸೆಯ ಪುಸ್ತಕ ತೆಗೆದು ನೋಡಿ ಹೇಳಿದಳು. ಮೊದಮೊದಲು ನಮಗೆ ಕೊಡುತ್ತಿದ್ದ ಮದ್ದಿನಲ್ಲಿ ಸ್ಟಾವುಡಿನ್ ಅನ್ನುವುದು ಇತ್ತು. ಕಡಿಮೆ ಬೆಲೆಯದ್ದು, ಜೀವ ಉಳಿಸಿದ್ದೂ ಹೌದು. ಆದರೆ ಅದು ಕೈಕಾಲಿನ ನರಗಳಿಗೆ ಪೆಟ್ಟು ಕೊಡುತ್ತದೆ, ಕೆನ್ನೆಯ ಕೊಬ್ಬು ಕರಗಿಸುತ್ತದೆ. ಅದನ್ನು ಹಂತಹಂತವಾಗಿ ಬಿಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೇಳಿತು. ಆಮೇಲೆ ನಮ್ಮ ಮದ್ದೂ ಬದಲಾಯಿತು. ಮದ್ದು ಬದಲಾದರೂ ಕೆಟ್ಟ ನರ ಎಲ್ಲರಿಗೂ ಸರಿಯಾಗುವುದಿಲ್ಲ. ಎಚ್‌ಐವಿ ಕೂಡಾ ತಾನಾಗಿ ನರಕ್ಕೆ ತೊಂದರೆ ಮಾಡುತ್ತದೆ. ಟಿಬಿ ಬಾರದ ಹಾಗೆ ಕೊಡುವ ಐಸೋನಿಯಾಜಿಡ್ ಕೂಡಾ ನರ ಹಾಳು ಮಾಡಬಹುದು, ಅದಕ್ಕಾಗಿಯೇ ಜೊತೆಗೆ ಬಿ6 ವಿಟಮಿನ್ ಕೊಡುತ್ತಾರೆ. ಸಕ್ಕರೆ ಕಾಯಿಲೆ ಸೇರಿಕೊಂಡರೆ ಇನ್ನೂ ಜಾಸ್ತಿ. ಅಂದರೆ ನನ್ನ ಕಾಲಿನ ಉರಿಗೆ ಹೆಸರಿದೆ, ಕಾರಣ ಇದೆ, ಸ್ವಲ್ಪವಾದರೂ ಕಡಿಮೆ ಮಾಡುವ ಮದ್ದೂ ಇದೆ. ಗ್ಯಾಬಾಪೆಂಟಿನ್, ಅಮಿಟ್ರಿಪ್ಟಿಲಿನ್ ತರಹದವು ದುಬಾರಿ ಮದ್ದುಗಳಲ್ಲ. ಇಷ್ಟು ವರ್ಷ ಇದನ್ನು ಕೇಳದೆ, ಹೇಳದೆ ಕಳೆದೆವಲ್ಲ, ಅದೇ ನನ್ನ ಸಂಕಟ.

ನನ್ನೊಬ್ಬಳ ಕಥೆ ಅಂತ ತಿಳಿಯಬೇಡಿ. ಸಾಲಿನಲ್ಲಿ ನನ್ನ ಪಕ್ಕ ಕೂರುವ ಒಬ್ಬರು ಬೀಡಿ ಕಟ್ಟಿ ಬದುಕುವವರು. ಬೆರಳ ತುದಿ ಜೋಮು ಹಿಡಿದು ಎಲೆ ಮಡಚಲು ಆಗುತ್ತಿಲ್ಲ. ಮೊದಲಿನ ಅರ್ಧ ಕೂಡಾ ಕಟ್ಟಲಿಕ್ಕಾಗುವುದಿಲ್ಲ ಅನ್ನುತ್ತಾರೆ. ಇನ್ನೊಬ್ಬರು ಮುಂಬೈಯ ಹೋಟೆಲಿನಲ್ಲಿ ದುಡಿದು ಊರಿಗೆ ಬಂದವರು. ಸೊಂಟ ಮತ್ತು ಸೊಂಟದ ಸಂದು ನೋವು, ನೆಲದಲ್ಲಿ ಕೂತರೆ ಏಳಲಿಕ್ಕೆ ಇಬ್ಬರು ಬೇಕು. ಟೆನೊಫೊವಿರ್ ತುಂಬ ವರ್ಷ ತಗೊಂಡವರ ಎಲುಬು ಸವೆಯಬಹುದು ಅಂತ ಗೊತ್ತಿರುವ ವಿಷಯವೇ. ಅವರ ಎಲುಬಿನ ಪರೀಕ್ಷೆ ಆಗಿಲ್ಲ. ವಯಸ್ಸಾಯಿತಲ್ಲ, ಹಾಗೇ ಅಂತ ಹೇಳಿ ಕಳಿಸಿದ್ದಾರೆ. ಹೌದು, ನಮಗೆ ವಯಸ್ಸಾಗುತ್ತಿದೆ. ನಿಮ್ಮ ಮದ್ದಿನಿಂದಲೇ ವಯಸ್ಸಾಗುವಷ್ಟು ಬದುಕಿದೆವು. ಹಾಗಾದರೆ ಮುಂದಿನ ಚಿಕಿತ್ಸೆ ಅದಕ್ಕೆ ತಕ್ಕ ಹಾಗೆ ಬದಲಾಗಬೇಕಲ್ವಾ?

ಅಮೆರಿಕದ ಸೋಂಕುರೋಗ ತಜ್ಞರ ಸಂಘ 2017ರಲ್ಲಿ ಎಚ್‌ಐವಿ ಇರುವವರ ದೀರ್ಘಕಾಲದ ನೋವಿನ ಬಗ್ಗೆ ಒಂದು ಮಾರ್ಗಸೂಚಿ ಹೊರತಂದಿತು. ಬೇರೆ ಬೇರೆ ಅಧ್ಯಯನಗಳ ಪ್ರಕಾರ ಎಚ್‌ಐವಿ ಇರುವವರಲ್ಲಿ ನೂರಕ್ಕೆ 39ರಿಂದ 85 ಜನರಿಗೆ ಇಂಥ ನೋವು ಇದೆ ಅಂತ ಅದರಲ್ಲಿ ಬರೆದಿದ್ದಾರೆ. ಕಡಿಮೆ ಲೆಕ್ಕವನ್ನೇ ಹಿಡಿದರೂ ಸಾಲಿನಲ್ಲಿ ಕೂತ ಮೂವರಲ್ಲಿ ಒಬ್ಬರಿಗಿಂತ ಜಾಸ್ತಿ. ಎಲ್ಲರನ್ನೂ ಎರಡು ಪ್ರಶ್ನೆ ಕೇಳಿ ಅಂತ ಅವರು ಹೇಳುತ್ತಾರೆ. ಕಳೆದ ಒಂದು ವಾರದಲ್ಲಿ ಮೈ ನೋವು ಎಷ್ಟಿತ್ತು? ಮೂರು ತಿಂಗಳಿಗಿಂತ ಹೆಚ್ಚು ಕಾಲದಿಂದ ಇರುವ ನೋವು ಏನಾದರೂ ಇದೆಯಾ? ಈ ಎರಡು ಪ್ರಶ್ನೆಗೆ ಎಕ್ಸ್‌ರೇ ಬೇಡ, ಲ್ಯಾಬ್ ಬೇಡ, ಬಜೆಟ್ಟೂ ಬೇಡ.

ಇನ್ನು ಮನಸ್ಸಿನ ವಿಷಯ. ಇದನ್ನು ಬರೆಯುವುದು ಕಾಲಿನ ವಿಷಯ ಬರೆದಷ್ಟು ಸುಲಭ ಅಲ್ಲ.

ನನ್ನ ಗಂಡ ಹೋದ ಮೇಲೆ ಮನೆಯವರು ನನ್ನ ತಟ್ಟೆ, ಲೋಟ ಬೇರೆ ಇಟ್ಟರು. ಆಗ ಕಾಯಿಲೆ ಬಗ್ಗೆ ಯಾರಿಗೂ ತಿಳುವಳಿಕೆ ಇರಲಿಲ್ಲ ಅಂತ ಸಮಾಧಾನ ಮಾಡಿಕೊಂಡೆ. ಈಗ ತಟ್ಟೆ ಬೇರೆ ಇಡುವುದಿಲ್ಲ. ಆದರೆ ಮದುವೆ ಮನೆಯ ಅಡುಗೆ ಕೆಲಸಕ್ಕೆ ಕರೆಯುವುದೂ ಇಲ್ಲ. ನಾನು ಹೆಚ್ಚಿದ ತರಕಾರಿಯಿಂದ ಏನೂ ಆಗುವುದಿಲ್ಲ ಅಂತ ಅವರಿಗೆ ಗೊತ್ತು. ಗೊತ್ತಿದ್ದೂ ಕರೆಯುವುದಿಲ್ಲ. ಇಂಥದ್ದು ದಿನಕ್ಕೆ ಇಷ್ಟಿಷ್ಟೇ ಸೇರುತ್ತಾ ಹೋಗುತ್ತದೆ. ರಾತ್ರಿ ಕಾಲು ಉರಿಯಲಿಕ್ಕೆ ಶುರುವಾದಾಗ ಮಂಡೆಬೆಚ್ಚವೂ ಶುರುವಾಗುತ್ತದೆ. ನಿದ್ದೆ ಇಲ್ಲ. ನಿದ್ದೆ ಇಲ್ಲದ್ದರಿಂದ ಮರುದಿನ ನೋವು ಇನ್ನೂ ಜಾಸ್ತಿ. ನೋವು ಜಾಸ್ತಿ ಆದಾಗ ಯಾರ ಹತ್ತಿರವೂ ಮಾತು ಬೇಡ ಅನಿಸುತ್ತದೆ. ಮಾತು ಬಿಟ್ಟರೆ ಮನಸ್ಸು ಇನ್ನೂ ಕುಗ್ಗುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಅಂತ ನನಗೇ ತಿಳಿಯುವುದಿಲ್ಲ. ಮೈ ನೋವಿಗೆ ಒಂದು ಕಡೆ, ಮನಸ್ಸಿಗೆ ಇನ್ನೊಂದು ಕಡೆ ಓಡಿಸಿದರೆ ಎರಡೂ ಗುಣವಾಗುವುದಿಲ್ಲ. ಒಟ್ಟಿಗೆ ನೋಡಬೇಕು.

ಮದ್ದಿನ ಪಾಲೂ ಇದೆ. ಹಿಂದೆ ನಮಗೆ ಕೊಡುತ್ತಿದ್ದ ಎಫಾವಿರೆಂಜ್ ತಗೊಂಡರೆ ತಲೆ ತಿರುಗುತ್ತಿತ್ತು, ಹೆದರಿಸುವ ಕನಸು ಬೀಳುತ್ತಿತ್ತು, ಕೆಲವರು ಖಿನ್ನತೆಗೆ ಬೀಳುತ್ತಿದ್ದರು. ಈಗಿನ ಡೊಲುಟೆಗ್ರಾವಿರ್ ಎಷ್ಟೋ ಒಳ್ಳೆಯದು, ಆದರೂ ಕೆಲವರ ನಿದ್ದೆ ಕೆಡಿಸುತ್ತದೆ. ಅಂಥವರಿಗೆ ರಾತ್ರಿ ಬದಲು ಬೆಳಿಗ್ಗೆ ಮಾತ್ರೆ ತಗೊಳ್ಳಿ ಅಂತ ಡಾಕ್ಟರು ಹೇಳಬಹುದು. ಆದರೆ ಅಷ್ಟು ಹೇಳಲಿಕ್ಕಾದರೂ ಮೊದಲು ನಿದ್ದೆಯ ಬಗ್ಗೆ ಕೇಳಬೇಕಲ್ಲ.

ಒಬ್ಬ ಹುಡುಗನ ವಿಷಯ ಬರೆಯಲೇಬೇಕು. ನಮ್ಮ ಸಾಲಿನಲ್ಲಿ ಎಲ್ಲರಿಗಿಂತ ಚಿಕ್ಕವನು. ನನ್ನನ್ನು ಅಕ್ಕ ಅಂತ ಕರೆಯುತ್ತಿದ್ದ. ಬೆನ್ನು ನೋವು ಅಂತ ಹೇಳುತ್ತಿದ್ದ, ಆಮೇಲೆ ಅದನ್ನೂ ಹೇಳುವುದು ಬಿಟ್ಟ, ಸುಮ್ನೆ ಕೂತಿರುತ್ತಿದ್ದ. ಒಂದು ಸಲ ಡಬ್ಬಿಯಲ್ಲಿ ಮಾತ್ರೆ ಜಾಸ್ತಿ ಉಳಿದಿತ್ತು. ಯಾಕೆ ಬಿಟ್ಟೆ ಅಂತ ಎಲ್ಲರ ಎದುರೇ ಗದರಿದರು. ಯಾಕೆ ಅಂತ ಅವನು ಹೇಳಲಿಲ್ಲ. ಹೇಳಲಿಕ್ಕೆ ಅದು ಜಾಗವೂ ಆಗಿರಲಿಲ್ಲ. ಅದಾದ ಮೇಲೆ ಅವನು ಬರುವುದನ್ನೇ ನಿಲ್ಲಿಸಿದ. ಮತ್ತೆ ಕಂಡದ್ದು ಟಿಬಿ ಹಿಡಿದು ಸೊರಗಿ ಬಂದಾಗ. "ಮದ್ದು ತಗೊಂಡು ಯಾರಿಗೋಸ್ಕರ ಬದುಕಬೇಕು ಅಕ್ಕ, ಅನಿಸಿಬಿಟ್ಟಿತ್ತು" ಅಂದ. ಈಗ ಗುಣ ಆಗುತ್ತಿದ್ದಾನೆ. ಅವತ್ತು ಮಾತ್ರೆ ಎಣಿಸಿದವರು ಅವನನ್ನು ಪಕ್ಕಕ್ಕೆ ಕರೆದು ಒಂದು ಮಾತು ಕೇಳಿದ್ದರೆ ಟಿಬಿವರೆಗೆ ಹೋಗುತ್ತಿತ್ತಾ?

ನಿಮ್ಮಲ್ಲಿ ಇದಕ್ಕೆ ವ್ಯವಸ್ಥೆ ಇಲ್ಲ ಅಂತಾದರೂ ಇದ್ದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಎಲ್ಲವೂ ಇದೆ. ನೋವು ಮತ್ತು ಸಾಂತ್ವನ ಚಿಕಿತ್ಸೆಯಲ್ಲಿ, ಅಂದರೆ ಪಾಲಿಯೇಟಿವ್ ಕೆಲಸದಲ್ಲಿ, ಇಡೀ ದೇಶ ಕೇರಳದ ಕಡೆ ನೋಡುತ್ತದೆ. 1993ರಲ್ಲಿ ಕೋಝಿಕ್ಕೋಡಿನಲ್ಲಿ ಶುರುವಾದ ಕೆಲಸ ಅದು. 2008ರಲ್ಲಿ ಸರಕಾರವೇ ಅದಕ್ಕೆ ನೀತಿ ಮಾಡಿತು. ಇವತ್ತು ಪಂಚಾಯತುಗಳಲ್ಲಿ ಪಾಲಿಯೇಟಿವ್ ನರ್ಸುಗಳು ಮನೆಮನೆಗೆ ಹೋಗುತ್ತಾರೆ. ಕುಟುಂಬ ಆರೋಗ್ಯ ಕೇಂದ್ರಗಳಲ್ಲಿ ಖಿನ್ನತೆಗೆ ಆಶ್ವಾಸಂ ಕ್ಲಿನಿಕ್ ಇದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆ. ಎಂಡೋಸಲ್ಫಾನ್ ಕೀಟನಾಶಕದ ದುರಂತ ಕಂಡ ಜಿಲ್ಲೆ ಇದು. ಲೆಕ್ಕಕ್ಕೆ ಬಾರದ ನೋವಿಗೆ ಪರಿಹಾರವೂ ಬರುವುದಿಲ್ಲ ಅಂತ ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಇಷ್ಟಿದ್ದೂ ನಮಗೆ ಅದು ಸಿಗುತ್ತಿಲ್ಲ. ಪಾಲಿಯೇಟಿವ್ ಗಾಡಿ ನಮ್ಮ ಅಂಗಳಕ್ಕೆ ಬಂದರೆ ಅಕ್ಕಪಕ್ಕದವರು ಏನು ಕಾಯಿಲೆ ಅಂತ ಕೇಳುತ್ತಾರೆ. ಊರಿನ ಆರೋಗ್ಯ ಕೇಂದ್ರದಲ್ಲಿ ಚೀಟಿ ಬರೆಯುವವರು ನಮ್ಮದೇ ಊರಿನವರು, ಅಲ್ಲಿ ಎಚ್‌ಐವಿ ಅಂತ ಬಾಯಿಬಿಡಲಿಕ್ಕೆ ಧೈರ್ಯ ಬರುವುದಿಲ್ಲ. ಧೈರ್ಯ ಮಾಡಿ ಹೇಳಿದರೆ ಏನಾಗುತ್ತದೆ ಅಂತಲೂ ನೋಡಿದ್ದೇನೆ. ಮೊಣಕಾಲು ತೋರಿಸಲಿಕ್ಕೆ ಒಂದು ಆಸ್ಪತ್ರೆಯ ಎಲುಬಿನ ವಿಭಾಗಕ್ಕೆ ಹೋಗಿದ್ದೆ. ಯಾವ ಆಸ್ಪತ್ರೆ ಅಂತ ಬರೆಯುವುದಿಲ್ಲ, ಒಬ್ಬರ ಮೇಲೆ ದೂರು ಹಾಕಲಿಕ್ಕೆ ಈ ಪತ್ರ ಬರೆಯುತ್ತಿಲ್ಲ. ಯಾವ ಮಾತ್ರೆ ತಗೊಳ್ಳುತ್ತೀರಿ ಅಂತ ಕೇಳಿದರು, ಹೇಳಿದೆ. ನನ್ನ ಒಪಿ ಚೀಟಿಯ ಮೇಲೆ ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ ಬರೆದು ಸುತ್ತ ಗೆರೆ ಎಳೆದರು. ಆ ಚೀಟಿ ಹಿಡಿದುಕೊಂಡು ನಾನು ಎಕ್ಸ್‌ರೇ ಕೋಣೆಯ ಹೊರಗೆ, ಮದ್ದಿನ ಕೌಂಟರಿನ ಎದುರು ನಿಲ್ಲಬೇಕಾಯಿತು. ಬೆರಳಿನಲ್ಲಿ ಆ ಕೆಂಪು ಗೆರೆ ಮುಚ್ಚಿ ಹಿಡಿದಿದ್ದೆ. ಡಾಕ್ಟರು ನನ್ನ ಮೊಣಕಾಲನ್ನು ಮುಟ್ಟಿ ನೋಡಲಿಲ್ಲ. ನಾನು ಮೊದಲು ಹೇಳಿದ, 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದ ಎಚ್‌ಐವಿ ಕಾಯ್ದೆ ಇದನ್ನು ಮಾಡಬಾರದು ಅನ್ನುತ್ತದೆ. ದೂರು ಕೇಳಲಿಕ್ಕೆ ಪ್ರತಿ ರಾಜ್ಯದಲ್ಲೂ ಒಂಬುಡ್ಸ್‌ಮನ್ ಇರಬೇಕು ಅಂತಲೂ ಅದರಲ್ಲಿದೆ. ಅವರು ಯಾರು, ದೂರು ಎಲ್ಲಿ ಕೊಡಬೇಕು ಅಂತ ನನ್ನ ಭಾಷೆಯಲ್ಲಿ ಬರೆದ ಒಂದು ಬೋರ್ಡನ್ನು ನಾನು ಹೋದ ಯಾವ ಆಸ್ಪತ್ರೆಯಲ್ಲೂ ಕಂಡಿಲ್ಲ.

ಹೀಗಾದ ಮೇಲೆ ಜನ ಏನು ಮಾಡುತ್ತಾರೆ? ಹೇಳದೆ ಮದ್ದು ತಗೊಳ್ಳುತ್ತಾರೆ. ಪೇಟೆಯ ಮೆಡಿಕಲ್ ಶಾಪಿನಲ್ಲಿ ನೋವಿನ ಮಾತ್ರೆ ಕೇಳುತ್ತಾರೆ, ಸಿಗುತ್ತದೆ. ಇದರಲ್ಲಿ ದೊಡ್ಡ ಅಪಾಯ ಇದೆ. ಇದನ್ನು ಓದುವ ನನ್ನಂಥವರು ದಯವಿಟ್ಟು ಗಮನ ಕೊಡಿ. ಟೆನೊಫೊವಿರ್ ಇರುವ ಮಾತ್ರೆ ತಗೊಳ್ಳುವವರು ಡೈಕ್ಲೊಫೆನಾಕ್ ತರಹದ ನೋವಿನ ಮಾತ್ರೆಯನ್ನು ದಿನಾ ನುಂಗುತ್ತಾ ಹೋದರೆ ಕಿಡ್ನಿ ಹಾಳಾಗಬಹುದು. ನರದ ನೋವಿಗೆ, ಫಿಟ್ಸಿಗೆ ಕೊಡುವ ಕಾರ್ಬಮಜೆಪಿನ್, ಡೊಲುಟೆಗ್ರಾವಿರ್‌ನ ಬಲ ಕಡಿಮೆ ಮಾಡುತ್ತದೆ. ಗ್ಯಾಸಿನ ಮದ್ದು, ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಯನ್ನು ಒಟ್ಟಿಗೇ ನುಂಗಿದರೂ ಎಆರ್‌ಟಿ ಮದ್ದು ಮೈಗೆ ಸರಿಯಾಗಿ ಹತ್ತದೆ ಇರಬಹುದು. ಮೊದಲಿನ ಮದ್ದು ಹಿಡಿಯದಾಗ ಕೊಡುವ ಎರಡನೇ ಹಂತದ ಮದ್ದಿನಲ್ಲಿ ರಿಟೊನಾವಿರ್ ಇರುವವರಿಗೆ ಸಂದಿಗೆ ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್ ಕೂಡಾ ತೊಂದರೆ ಮಾಡಬಹುದು, ಸ್ಟಿರಾಯ್ಡ್ ಮೈಯಲ್ಲೇ ಉಳಿದು ಮುಖ ಊದಿಕೊಳ್ಳುತ್ತದೆ, ಸಕ್ಕರೆ ಏರುತ್ತದೆ. ಹಾಗಂತ ನಡೆಯುತ್ತಿರುವ ಯಾವ ಮದ್ದನ್ನೂ ನೀವಾಗಿ ನಿಲ್ಲಿಸಬೇಡಿ, ಕೇಂದ್ರದ ಡಾಕ್ಟರಿಗೆ ತೋರಿಸಿ ಕೇಳಿ. ಇಲಾಖೆಯವರಲ್ಲಿ ನನ್ನ ಪ್ರಶ್ನೆ ಇಷ್ಟೇ. ಇದು ಡಾಕ್ಟರುಗಳಿಗೆ ಗೊತ್ತಿರುವ ವಿಷಯ. ನಮಗೆ ಗೊತ್ತಿರಬೇಡವಾ? ನಾವು ನೋವನ್ನು ಅಡಗಿಸುವುದು ಅವಮಾನಕ್ಕೆ ಹೆದರಿ. ಆ ಹೆದರಿಕೆಗೆ ಕಿಡ್ನಿಯನ್ನು ಬೆಲೆ ತೆರಬೇಕಾ?

ಭಾಷೆಯ ಮಾತು ಬಂದೇ ಬರುತ್ತದೆ. ನನಗೆ ಮಲಯಾಳ ಅರ್ಥವಾಗುತ್ತದೆ, ಬಸ್ಸಿನಲ್ಲಿ, ಅಂಗಡಿಯಲ್ಲಿ ಮಾತಾಡುತ್ತೇನೆ. ಅದು ಬೇರೆ. ಮನಸ್ಸಿನೊಳಗಿನ ವಿಷಯ ಹೇಳುವಾಗ ಆ ಮಲಯಾಳ ಸಾಲುವುದಿಲ್ಲ. ಎಣ್ಮಕಜೆ, ವರ್ಕಾಡಿ, ಪೈವಳಿಕೆ, ದೇಲಂಪಾಡಿ ಕಡೆಯ ವಯಸ್ಸಾದ ಹೆಂಗಸರಿಗೆ ಅಷ್ಟೂ ಬರುವುದಿಲ್ಲ. ಕೌನ್ಸಿಲರ್ ಎದುರು ಕೂತು "ಹ್ಞೂಂ, ಏನೂ ತೊಂದರೆ ಇಲ್ಲ" ಅಂತ ತಲೆ ಆಡಿಸಿ ಬರುತ್ತಾರೆ. ಕಾರ್ಡಿನಲ್ಲಿ ತೊಂದರೆ ಇಲ್ಲ ಅಂತ ದಾಖಲಾಗುತ್ತದೆ. 1969ರ ಕೇರಳ ಆಡಳಿತ ಭಾಷಾ ಕಾಯ್ದೆ ಕನ್ನಡಿಗರು ಸರಕಾರದ ಜೊತೆ ಕನ್ನಡದಲ್ಲಿ ವ್ಯವಹಾರ ಮಾಡಬಹುದು ಅನ್ನುತ್ತದೆ. ಅರ್ಜಿ ಬರೆಯಲಿಕ್ಕೆ ಇರುವ ಹಕ್ಕು ಕಣ್ಣೀರು ಹಾಕಲಿಕ್ಕೂ ಇರಲಿ.

ಗಡಿಯ ಕಷ್ಟವೂ ಇದೆ. ನಮ್ಮಲ್ಲಿ ಕೆಲವರು ಗುಟ್ಟು ಉಳಿಯಲಿ ಅಂತ ಮಂಗಳೂರಿನಲ್ಲಿ ಹೆಸರು ಬರೆಸಿಕೊಂಡವರು. ದೊಡ್ಡ ಡಾಕ್ಟರು ಬೇಕೆಂದರೂ ಮಂಗಳೂರಿಗೇ ಓಡಬೇಕು. 2020ರ ಮಾರ್ಚಿನಲ್ಲಿ ಕೊರೊನಾ ಅಂತ ಗಡಿಯ ತಲಪಾಡಿಯಲ್ಲಿ ರಸ್ತೆಗೆ ಮಣ್ಣು ಹಾಕಿ ಮುಚ್ಚಿದಾಗ ಏನಾಯಿತು ಅಂತ ಇಡೀ ಜಿಲ್ಲೆಗೆ ಗೊತ್ತು. ಆಸ್ಪತ್ರೆಗೆ ಹೋಗಲಾಗದೆ ಜನ ಸತ್ತರು. ನಮ್ಮವರು ಆಗ ಡಬ್ಬಿಯ ಮಾತ್ರೆ ಎಣಿಸಿಕೊಂಡು ಕೂತಿದ್ದರು. ಅದು ಮುಗಿದ ಕಥೆ, ಆದರೆ ಆ ಹೆದರಿಕೆ ಮುಗಿದಿಲ್ಲ. ಎರಡು ರಾಜ್ಯದ ಕೇಂದ್ರಗಳು ಒಬ್ಬರ ಕಾಗದ ಇನ್ನೊಬ್ಬರು ನೋಡುವ ಹಾಗೆ, ನಮ್ಮ ಒಪ್ಪಿಗೆಯಿಂದ, ಒಂದು ದಾರಿ ಮಾಡಿಕೊಳ್ಳಬೇಕು. ನೋವಿನ ಮದ್ದು ಒಂದು ಕಡೆ, ಎಆರ್‌ಟಿ ಇನ್ನೊಂದು ಕಡೆ ಆದಾಗ ಯಾವುದರ ಜೊತೆ ಯಾವುದು ಸೇರಬಾರದು ಅಂತ ನೋಡುವವರೇ ಇರುವುದಿಲ್ಲ.

ಹಾಗಾಗಿ ನಾವು ಕೇಳುವುದು ಇದು. ಟಿಬಿಯ ನಾಲ್ಕು ಪ್ರಶ್ನೆ ಕೇಳುವ ಹಾಗೆಯೇ ಇನ್ನೂ ನಾಲ್ಕು ಪ್ರಶ್ನೆ ಕೇಳಿ. ನೋವಿನದ್ದು ಎರಡು, ಮೇಲೆ ಬರೆದಿದ್ದೇನೆ. ಮನಸ್ಸಿನದ್ದು ಎರಡು. ಕಳೆದ ಎರಡು ವಾರದಲ್ಲಿ ಮಾಡುವ ಕೆಲಸದಲ್ಲಿ ಆಸಕ್ತಿ, ಖುಷಿ ಇಲ್ಲ ಅನಿಸಿತಾ? ಮನಸ್ಸು ಕುಗ್ಗಿದೆ, ಭರವಸೆ ಇಲ್ಲ ಅನಿಸಿತಾ? ಇವೂ ನಾನು ಮಾಡಿದ ಪ್ರಶ್ನೆಗಳಲ್ಲ, ಎಲ್ಲ ಕಡೆ ಡಾಕ್ಟರುಗಳು ಬಳಸುವಂಥವು. ಬಾಗಿಲು ಹಾಕಿದ ಕೋಣೆಯಲ್ಲಿ, ಕನ್ನಡ ಬೇಕಾದವರಿಗೆ ಕನ್ನಡದಲ್ಲಿ, ತುಳು ಬೇಕಾದವರಿಗೆ ತುಳುವಿನಲ್ಲಿ ಕೇಳಬೇಕು. ಉತ್ತರವನ್ನು ಕಾರ್ಡಿನಲ್ಲಿ ಬರೆಯಬೇಕು. ಮುಂದಿನ ಸಲ ಅದನ್ನು ತೆಗೆದು ನೋಡಿ "ಹೋದ ಸಲ ಉರಿ ಅಂದಿರಿ, ಈಗ ಹೇಗಿದೆ?" ಅಂತ ಕೇಳಬೇಕು. ನನಗೆ ಇದರಲ್ಲಿ ಅತಿ ಮುಖ್ಯ ಅನಿಸುವುದು ಈ ಎರಡನೇ ಸಲ ಕೇಳುವುದು.

ಉತ್ತರ ಹೌದು ಅಂತ ಬಂದರೆ ನಮ್ಮನ್ನು ಬೇರೆ ಕಟ್ಟಡಕ್ಕೆ, ಬೇರೆ ದಿನಕ್ಕೆ ಅಲೆಸಬೇಡಿ. ನಮ್ಮಲ್ಲಿ ಹೆಚ್ಚಿನವರು ದಿನಗೂಲಿಯವರು, ಒಂದು ದಿನ ಬಂದರೆ ಒಂದು ದಿನದ ಸಂಬಳ ಹೋಗುತ್ತದೆ. ತಿಂಗಳಿಗೊಮ್ಮೆ ಪಾಲಿಯೇಟಿವ್ ವಿಭಾಗದ ಡಾಕ್ಟರು ಮತ್ತು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಡಾಕ್ಟರು, ನಮಗೆ ಮದ್ದು ಕೊಡುವ ದಿನವೇ, ಅದೇ ಕೇಂದ್ರದಲ್ಲಿ ಕೂರಲಿ. ನರದ ನೋವಿನ ಮದ್ದು ಅಲ್ಲಿಯೇ ಸಿಗಲಿ. ಹೊರಗೆ ಬರೆದುಕೊಟ್ಟರೆ ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲ. ಕಾಲಿನ ಸ್ಪರ್ಶ ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ಆಗಲಿ. ಮನೆಗೆ ನರ್ಸು ಬರಬೇಕಾದರೆ ಬೋರ್ಡು ಇಲ್ಲದ ಗಾಡಿಯಲ್ಲಿ, ನಮ್ಮನ್ನು ಕೇಳಿ, ನಾವು ಹೇಳಿದ ದಿನ ಬರಲಿ. ಬೇಡ ಅಂದರೆ ಬಾರದಿರಲಿ. ಎಲುಬಿನ ಡಾಕ್ಟರಿಗೂ, ಊರಿನ ಆರೋಗ್ಯ ಕೇಂದ್ರದವರಿಗೂ, ಮೆಡಿಕಲ್ ಶಾಪಿನವರಿಗೂ ಯಾವ ನೋವಿನ ಮದ್ದು ಎಆರ್‌ಟಿ ಜೊತೆ ಆಗುವುದಿಲ್ಲ ಅಂತ ತಿಳಿಸಿಕೊಡಿ. ನಮಗೂ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚುಹಾಕಿ ಕೊಡಿ, ಅದರ ಮೇಲೆ ಎಲ್ಲೂ ಎಚ್‌ಐವಿ ಅಂತ ದೊಡ್ಡ ಅಕ್ಷರದಲ್ಲಿ ಬೇಡ. ಒಪಿ ಚೀಟಿಯ ಮೇಲೆ ಕೆಂಪು ಗೆರೆ ಎಳೆಯುವುದು ಇವತ್ತಿನಿಂದಲೇ ನಿಲ್ಲಲಿ, ಅದಕ್ಕೆ ಒಂದು ಸುತ್ತೋಲೆ ಸಾಕು.

ನಮ್ಮಲ್ಲೇ ಯಾರಿಗಾದರೂ ಬದುಕು ಬೇಡ ಅನಿಸುತ್ತಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಪುಕ್ಕಟೆ, ಕನ್ನಡದಲ್ಲೂ ಮಾತಾಡುತ್ತಾರೆ, ಹೆಸರು ಹೇಳಲೇಬೇಕು ಅಂತ ಇಲ್ಲ. ಎಚ್‌ಐವಿ ಬಗ್ಗೆ ಕೇಳುವುದಿದ್ದರೆ 1097 ಇದೆ. ಈ ಎರಡು ನಂಬರನ್ನು ಕೇಂದ್ರದ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ ಅಂದುಕೊಳ್ಳುತ್ತೇನೆ.

ಈ ಪತ್ರ ಬರೆಯುವ ಮೊದಲು ಬೀಡಿ ಕಟ್ಟುವ ಅಕ್ಕ, ಮುಂಬೈಯಿಂದ ಬಂದವರು, ಆ ಹುಡುಗ, ಮೂವರಿಗೂ ಓದಿ ಹೇಳಿದ್ದೇನೆ. ಅವರ ಒಪ್ಪಿಗೆ ಇದೆ. ನಮ್ಮ ವಿಳಾಸ ಇಲ್ಲದ್ದರಿಂದ ಉತ್ತರವನ್ನು ಎಲ್ಲಿಗೆ ಕಳಿಸುವುದು ಅಂತ ನೀವು ಕೇಳಬಹುದು. ನಾವು ಮದ್ದಿಗೆ ಬರುವ ಕೇಂದ್ರಗಳ ನೋಟೀಸ್ ಬೋರ್ಡಿನಲ್ಲಿ ಹಾಕಿ, ಕನ್ನಡದಲ್ಲಿ. ಯಾವ ತಿಂಗಳಿನಿಂದ ಈ ಪ್ರಶ್ನೆಗಳನ್ನು ಕೇಳಲು ಶುರುಮಾಡುತ್ತೀರಿ ಅಂತ ಅದರಲ್ಲಿ ಬರೆದಿರಲಿ.

ಇತಿ,
ಕಾಸರಗೋಡು ಜಿಲ್ಲೆಯ ಒಬ್ಬಳು ಎಆರ್‌ಟಿ ಫಲಾನುಭವಿ